ಸೇರತೇನಿ ತಗೋ

“ಬರೋ ವಾರ ನನ್ನ ಬ್ಯಾರೆ ದೇಶಕ್ಕ ಕಳಸ್ತಾರಕ್ಕಾ. ಎರಡ ವರ್ಷದಾಗ ಒಬ್ಬರನ್ನೂ ನಮ್ಮ ಧರ್ಮಕ್ಕ ಸೇರಿಸಲಿಲ್ಲಂತ,” ಎಂದಳು ಕೊರಿಯಾದಿಂದ ಧರ್ಮಪ್ರಚಾರಕ್ಕೆ ಬಂದ ಮಿನ್‌ಜೀ. ಮೋತಿ ಡೊಂಗರ್ ಗುಡ್ಡದ ಕೇರಿಯ ಒಂದೇ ಕೋಣೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ, ಅವಳಿಗೆ ಕನ್ನಡ ಕಲಿಸಿದ ಗೆಳತಿ ಸತ್ಯವ್ವನ ಕೈ ನಿಂತಿತು.

“ನಾ ಸೇರಿದ್ರ ನಿನ್ನ ಇಲ್ಲೇ ಬಿಡ್ತಾರೇನು? ಸೇರತೇನಿ ತಗೋ.”

ಮಿನ್‌ಜೀ ದಿನವೂ ಪ್ರಾರ್ಥಿಸಿದ್ದು ಇದೇ ಮಾತಿಗಾಗಿ. ಆದರೆ ಸತ್ಯವ್ವ ಒಪ್ಪಿದ್ದು ಬರೀ ತನ್ನನ್ನು ಇಲ್ಲೇ ಉಳಿಸಿಕೊಳ್ಳಲು ಎಂದು ಮಿನ್‌ಜೀಗೆ ಗೊತ್ತಿತ್ತು. ಗೆಳತಿಯ ದೇವರನ್ನು ಹೀಗೆ ಕಸಿದುಕೊಳ್ಳಲು ಮನಸ್ಸು ಬಾರಲಿಲ್ಲ. “ಬ್ಯಾಡಕ್ಕಾ,” ಎಂದಳು.

ಸತ್ಯವ್ವನ ಮುಖ ಬಾಡಿತು. “ಅಂದ್ರ ನಿನಗೂ ಹೋಗೂದ ಬೇಕಾಗೇತಿ.”

ಮಿನ್‌ಜೀ ಕೈ ಹಿಡಿಯಲು ಹೋದಳು. ಸತ್ಯವ್ವ ಹಿಟ್ಟಿನ ಕೈಯನ್ನು ಹಿಂದಕ್ಕೆಳೆದುಕೊಂಡಳು.

“ತಡಾ ಆತು, ನೀವು ಹೊಂಡ್ರಿ,” ಎಂದಳು. ಇಷ್ಟು ದಿನದಲ್ಲಿ ಅವಳು ಮಿನ್‌ಜೀಯನ್ನು ‘ನೀವು’ ಎಂದದ್ದು ಅದೇ ಮೊದಲು.