ಮಾವನ ವೆಬ್‌ಸೈಟು ಬದಲಾಗಲೇ ಇಲ್ಲ

"ಬದಲಾಗಿಲ್ಲ," ಎಂದರು ಮಾವ, ಫೋನನ್ನು ಅಳಿಯನ ಮೂಗಿನ ಹತ್ತಿರಕ್ಕೇ ಹಿಡಿದು. "ನನ್ನ ಸೈಟಲ್ಲಿ ಒಂದಕ್ಷರ ಬದಲಾಗಿಲ್ಲ."

ಸೋದರಳಿಯ ಫೋನಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಮಾವನ ಹಾಸಿಗೆ ಅಂಗಡಿಯ ಹೊಸ ಪುಟ ಥಳಥಳಿಸುತ್ತಿತ್ತು. ಮೇಲೆ ಅಂಗಡಿಯ ಹೆಸರು, ಕೆಳಗೆ ಮಾವನ ನಗುಮುಖ, ಪಕ್ಕದಲ್ಲಿ ಫೋನ್ ನಂಬರು. ಇಲ್ಲಿ ಇಷ್ಟು ಚೆನ್ನಾಗಿ ಕಾಣುವುದು ಅಲ್ಲಿ ಕಾಣದಿದ್ದರೆ ತಪ್ಪು ಫೋನಿನದು, ಇಲ್ಲವೇ ಮಾವನದು.

"ಬ್ರೌಸರ್ ಹಿಸ್ಟರಿ ಅಳಿಸಿದ್ರಾ ಮಾವ?"

"ಅಳಿಸ್ದೆ."

"ಫೋನ್ ಆಫ್ ಮಾಡಿ ಆನ್ ಮಾಡಿದ್ರಾ?"

"ಅದೂ ಆಯ್ತು. ಇನ್ನು ಅದಕ್ಕೆ ಸ್ನಾನ ಮಾಡಿಸೋದೊಂದು ಬಾಕಿ."

ಅಳಿಯ ನಿಟ್ಟುಸಿರು ಬಿಟ್ಟ. ಇಂಟರ್‌ನೆಟ್ಟಿನಲ್ಲಿ ಅವನದೇ ಒಂದು ಅಂಕಣವಿತ್ತು. ವೆಬ್‌ಸೈಟ್ ಕಟ್ಟುವವರಿಗೂ ಮನೆಮಂದಿಗೂ ಅಲ್ಲಿ ಧಾರಾಳವಾಗಿ ಸಲಹೆ ಕೊಡುತ್ತಿದ್ದ. ಪ್ರಿಂಟರ್ ಮುನಿಸಿಕೊಂಡರೆ ಹೇಗೆ ಸಮಾಧಾನ ಮಾಡಬೇಕು, ಪಾಸ್‌ವರ್ಡಿಗೆ ಹೆಂಡತಿಯ ಹೆಸರಿಟ್ಟರೆ ಏನು ಗತಿ, ಎಲ್ಲ ಬರೆದಿದ್ದ. ಓದುಗರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬಳು ಅವನ ತಾಯಿ. ಆ ತಾಯಿಯೇ ಈಗ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ನನ್ನ ತಮ್ಮನ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದೀನಿ. ಇದನ್ನೂ ಕೆಡಿಸಿದ್ರೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಅಪ್ಪನ ಇಸ್ತ್ರಿ ಅಂಗಡೀಲಿ ನಿಂತ್ಕೋ." ಆ ಅಂಗಡಿ ನೆನೆಸಿಕೊಂಡರೇ ಅವನ ಜೀವ ಬಾಯಿಗೆ ಬರುತ್ತಿತ್ತು. ಅಪ್ಪ ಬಟ್ಟೆಗಿಂತ ಮಗನನ್ನೇ ಹೆಚ್ಚು ತಿಕ್ಕುವ ಆಸಾಮಿ.

ಇನ್ನೊಂದು ಅಳುಕೂ ಇತ್ತು. ರಸ್ತೆಯಾಚೆ, ಸರಿಯಾಗಿ ಎದುರಿಗೆ, ಇನ್ನೊಂದು ಹಾಸಿಗೆ ಅಂಗಡಿ. ಅದರ ಯಜಮಾನನಿಗೂ ಮಾವನಿಗೂ ಎಣ್ಣೆ ಸೀಗೆಕಾಯಿ. ಆ ಅಂಗಡಿಯ ವೆಬ್‌ಸೈಟನ್ನು ಗುಟ್ಟಾಗಿ ಕಟ್ಟಿಕೊಟ್ಟವನು, ಈಗಲೂ ನೋಡಿಕೊಳ್ಳುತ್ತಿರುವವನು, ಈ ಅಳಿಯ ಮಹಾಶಯನೇ. ಮಾವನ ಕಿವಿಗೆ ಬಿದ್ದರೆ ಚರ್ಮ ಸುಲಿದು ಹೊಸ ಹಾಸಿಗೆಗೆ ಹೊದಿಕೆ ಮಾಡಿಯಾರು. ಹಾಗಾಗಿ ಅವನು ಆ ವಿಷಯದಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

"ಸರಿ, ಮತ್ತೆ ಹಾಕ್ತೀನಿ," ಎಂದ.

"ಹಾಕು. ಫೋನ್ ನಂಬರು ಇನ್ನೂ ದಪ್ಪಗಿರಲಿ. ಕೆಳಗೆ, 'ದಯವಿಟ್ಟು ರಸ್ತೆ ದಾಟಿ ಬನ್ನಿ' ಅಂತ ಬರಿ."

"ರಸ್ತೆ ಯಾಕೆ ದಾಟ್ಬೇಕು ಮಾವ? ಬಸ್ ನಿಲ್ದಾಣ ನಮ್ಮ ಕಡೆಗೇ ಇದೆಯಲ್ಲ?"

"ಬರಿ ಅಂದ್ರೆ ಬರಿ."

ವಾರವೆಲ್ಲ ಇದೇ ರಾಮಾಯಣ. ಅಳಿಯ ಬೇರೆ ಬ್ರೌಸರ್ ಹಾಕಿಸಿದ, ವೈಫೈ ಬದಲಿಸಿ ನೋಡಿ ಎಂದ, ಕೊನೆಗೆ ಫೋನೇ ಹಳತಾಯಿತು ಎಂದ. ಮಾವ ಹೇಳಿದ್ದನ್ನೆಲ್ಲ ಮಾಡಿ, ಮಾರನೆಯ ದಿನ ಬಂದು "ಬದಲಾಗಿಲ್ಲ" ಎನ್ನುತ್ತಿದ್ದರು. ಜೊತೆಗೆ ಹೊಸದೊಂದು ಬೇಡಿಕೆ: ದಾರಿ ತೋರಿಸುವ ನಕ್ಷೆ ಹಾಕು, ನನ್ನ ಫೋಟೋ ದೊಡ್ಡದು ಮಾಡು. ಸಣ್ಣ ತಪ್ಪಿಗೂ ಕೆಲಸದವರ ಮೇಲೆ ದಿಂಬು ಎಸೆಯುವ ಮನುಷ್ಯ ಈ ವಾರ ಕಾಫಿ ತರಿಸಿಕೊಡುತ್ತಿದ್ದರು. ಮಾವನಿಗೆ ವಯಸ್ಸಾಯಿತು, ಪಾಪ, ಎಂದುಕೊಂಡ ಅಳಿಯ.

ವಿಚಿತ್ರವೆಂದರೆ ವೆಬ್‌ಸೈಟು ಮಲಗಿದ್ದರೂ ವ್ಯಾಪಾರ ಎದ್ದು ಕುಣಿಯುತ್ತಿತ್ತು. ಅಂಗಡಿಯ ಫೋನಿಗೆ ಬಿಡುವಿಲ್ಲ. ಗಿರಾಕಿಗಳು ಎದುರಂಗಡಿಯ ಬಾಗಿಲಲ್ಲಿ ನಿಂತು, ಒಮ್ಮೆ ಬೋರ್ಡು, ಒಮ್ಮೆ ಕೈಯಲ್ಲಿದ್ದ ಫೋನು ನೋಡಿ, ತಲೆ ಕೆರೆದುಕೊಂಡು ಈ ಕಡೆಗೆ ಬರುತ್ತಿದ್ದರು. ಎದುರಂಗಡಿಯವನು ತನ್ನದೇ ಹಾಸಿಗೆಯ ಮೇಲೆ ಕೂತು ನೊಣ ಹೊಡೆಯುತ್ತಿದ್ದ. ಪುಟ ಸರಿಹೋಗದೆಯೇ ಇಷ್ಟು ಜನ. ಸರಿಹೋದರೆ ಮಾವನನ್ನು ಹಿಡಿಯುವವರಿಲ್ಲ ಎನಿಸಿ ಅಳಿಯನಿಗೆ ಇನ್ನಷ್ಟು ಸಂಕಟವಾಯಿತು.

ಶನಿವಾರ ತಾಯಿ ಫೋನ್ ಮಾಡಿದಳು. "ಆಯ್ತೇನೋ?"

"ಇನ್ನೂ ಸ್ವಲ್ಪ..."

"ಸೋಮವಾರ ಬೆಳಿಗ್ಗೆ ಬೇಗ ಏಳು. ಅಪ್ಪಂಗೆ ಹೇಳಿದೀನಿ."

ಅವನು ಬೇರೆ ದಾರಿ ಕಾಣದೆ, ಆ ವಾರದಲ್ಲಿ ಮೊದಲ ಸಲ ಮಾವನ ಫೋನನ್ನು ಕೈಗೆ ತೆಗೆದುಕೊಂಡ. ಹೌದು, ಹಳೆಯ ಪುಟವೇ. ಅದನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ ಹಿಡಿದ. ಇಲ್ಲಿ ಹೊಸದು. ಏನೂ ತೋಚದೆ ಕಣ್ಣು ಮೇಲಕ್ಕೆ, ಪುಟದ ವಿಳಾಸ ಬರೆದಿರುವ ಸಾಲಿಗೆ ಹೋಯಿತು. ಎಲ್ಲಕ್ಕೂ ಮೊದಲು ವಿಳಾಸ ನೋಡಿ ಎಂದು ಅಂಕಣದಲ್ಲಿ ಊರಿಗೆಲ್ಲ ಉಪದೇಶ ಮಾಡಿದವನು ಅವನೇ. ಮಾವನ ಫೋನಿನಲ್ಲಿ ಮಾವನ ಅಂಗಡಿಯ ವಿಳಾಸವಿತ್ತು. ಲ್ಯಾಪ್‌ಟಾಪಿನಲ್ಲಿ ಎದುರಂಗಡಿಯದು.

ಎರಡೂ ಸೈಟನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದರ ಫಲ. ಫೋಲ್ಡರ್ ಅದಲುಬದಲಾಗಿ, ಮಾವನ ಹೆಸರು, ಮುಖ, ನಂಬರು, ನಕ್ಷೆ, ಎಲ್ಲವನ್ನೂ ವಾರಪೂರ್ತಿ ಶತ್ರುವಿನ ವೆಬ್‌ಸೈಟಿಗೆ ಸುರಿದಿದ್ದ. ಆ ಪುಣ್ಯಾತ್ಮ ತನ್ನ ಸೈಟನ್ನು ನೋಡಿದ್ದು ಉದ್ಘಾಟನೆಯ ದಿನ ಮಾತ್ರ.

ಅಳಿಯ ಹತ್ತಿರದ ಹಾಸಿಗೆಯ ಮೇಲೆ ಕುಸಿದು ಕೂತು, ಎದುರಂಗಡಿಯ ಕೆಲಸ ಹಿಡಿದದ್ದರಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಅವಮಾನದಿಂದ ಮುಖ ಕೆಂಪಾಗಿತ್ತು. "ಈಗಲೇ ಅಳಿಸ್ಬಿಡ್ತೀನಿ ಮಾವ," ಎಂದು ಕೀಲಿಮಣೆಗೆ ಕೈಹಾಕಿದ.

ಮಾವ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು.

"ಇಸ್ತ್ರಿ ಅಂಗಡಿ ವಿಷಯ ಅಕ್ಕನ ಹತ್ರ ನಾನು ಮಾತಾಡ್ತೀನಿ," ಎಂದರು. "ಮೊದಲನೇ ದಿನಾನೇ ನೋಡಿದ್ದೆ ಕಣೋ. ಇನ್ನೊಂದು ವಾರ ನಿನಗೆ ಗೊತ್ತಾಗದೆ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"