ಅರ್ತಿಂಗ್ ತಂತಿಯ ಅಳತೆ

"ತಪ್ಪು ನನ್ನದೇ" ಎಂದು ವೈರಿಂಗ್ ಮೇಸ್ತ್ರಿ ಮೂರನೇ ಸಲ ಹೇಳಿದಾಗ ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಕಂಡವರೆಲ್ಲ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವವರೇ. ಕೇಳುವ ಮೊದಲೇ ಒಪ್ಪಿಕೊಳ್ಳುವವನ ಮೇಲೆ ಅವಳಿಗೆ ಸಂಶಯ ಬಂತು.

ಅದು ಬಾಗಿಲು, ಕಿಟಕಿ ಮಾಡುವ ಮರದ ಕಾರ್ಖಾನೆ. ಒಂಬತ್ತು ದಿನದ ಹಿಂದೆ ದೊಡ್ಡ ಗರಗಸದ ಮೋಟಾರಿನೊಳಗೆ ವೈರು ಸವೆದು, ಯಂತ್ರದ ಮೈಗೆ ಕರೆಂಟು ತಗಲಿತ್ತು. ಹಾಗಾದಾಗ ಅರ್ತಿಂಗ್ ತಂತಿ ಅದನ್ನು ನೆಲಕ್ಕೆ ಎಳೆದುಕೊಂಡು ಹೋಗಬೇಕು, ಆ ಹೊಡೆತಕ್ಕೆ ಬ್ರೇಕರ್ ಬಿದ್ದು ಕರೆಂಟು ಕಡಿಯಬೇಕು. ಇಲ್ಲಿ ಬ್ರೇಕರ್ ಬೀಳುವ ಮೊದಲೇ ತಂತಿ ಸುಟ್ಟು ತುಂಡಾಯಿತು. ಗರಗಸದ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದವನು ಮತ್ತೆ ಏಳಲಿಲ್ಲ. ಅವನು ಮೇಸ್ತ್ರಿಯ ಒಬ್ಬನೇ ಮಗ.

ಸ್ವಿಚ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದು ನಿಂತವಳು ಸತ್ತವನ ಹೆಂಡತಿ. ಮದುವೆಯಾಗಿ ಬಂದ ಮೇಲೆ ಮಾವನಿಂದಲೇ ವೈರಿಂಗ್ ಕಲಿತು, ಕಾರ್ಖಾನೆಯ ಸಣ್ಣಪುಟ್ಟ ರಿಪೇರಿ ನೋಡಿಕೊಳ್ಳುತ್ತಿದ್ದಳು. ಅತ್ತು ಅತ್ತು ಕಣ್ಣು ಬತ್ತಿಹೋಗಿತ್ತು; ಟಾರ್ಚ್ ಮಾತ್ರ ಅಲುಗುತ್ತಿರಲಿಲ್ಲ.

"ಈ ಬ್ರೇಕರ್ ಮೊದಲಿಂದ್ಲೂ ಇದೇನಾ?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಬ್ರೇಕರ್ ವಿಷಯ ಏನಾಯ್ತು ಅಂದ್ರೆ..." ಎಂದು ಸೊಸೆ ಬಾಯಿ ತೆರೆದಳು.

"ನೀನು ಸುಮ್ನಿರು," ಮೇಸ್ತ್ರಿ ಗದರಿದ. "ಬ್ರೇಕರ್‌ದೇನೂ ತಪ್ಪಿಲ್ಲ. ತಂತಿನೇ ತೆಳು. ಹಾಕಿದ್ದು ನಾನು."

ಜೇಬಿನಿಂದ ಕಪ್ಪಗೆ ಸುಟ್ಟ ಗೇಣುದ್ದದ ತಂತಿ ತೆಗೆದು ಕೊಟ್ಟ. ಇನ್ಸ್‌ಪೆಕ್ಟರಮ್ಮ ಅಳತೆಪಟ್ಟಿಗೆ ಹಿಡಿದಳು. ಕೋಣೆಯ ದೀಪಕ್ಕೆ ಹಾಕುವಂಥ ತಂತಿ. ಮೋಟಾರಿಗಂತೂ ಯಾವ ಲೆಕ್ಕದಲ್ಲೂ ಸಾಲದು.

ಸೊಸೆ ಟಾರ್ಚನ್ನು ಆ ತಂತಿಯ ಕಡೆ ತಿರುಗಿಸಿದಳು. "ಮಾವ, ಇಷ್ಟು ಸಪೂರದ್ದಾ? ಒಂದು ಎಳೆ ಹೆಚ್ಚುಕಮ್ಮಿ ಆದ್ರೂ ನನ್ನ ಕೈಲಿ ಬಿಚ್ಚಿಸಿ ಮತ್ತೆ ಹಾಕಿಸ್ತಿದ್ರಿ. ನಿಮ್ಮ ಮಗ ನಿಲ್ಲೋ ಜಾಗಕ್ಕೆ ಇದನ್ನ ಹಾಕಿದ್ರಾ?"

"ಹಾಕಿದೆ. ಆವತ್ತು ಕೈಗೆ ಸಿಕ್ಕಿದ್ದು ಅದೇ."

ಅವಳು ಟಾರ್ಚನ್ನು ನೆಲದ ಮೇಲಿಟ್ಟು ಹೊರಗೆ ನಡೆದಳು. ಬಾಗಿಲ ಬಳಿ ನಿಂತಿದ್ದ ಕಾರ್ಖಾನೆಯ ಮಾಲೀಕ ಕರ್ಚೀಫಿನಿಂದ ಕತ್ತು ಒರೆಸಿಕೊಂಡ. "ಒಪ್ಕೊಂಡಾಯ್ತಲ್ಲ ಮೇಡಂ, ಇನ್ನೇನು?" ಎಂದ. ಅವನ ದನಿಯಲ್ಲಿದ್ದ ನಿರಾಳ ಇನ್ಸ್‌ಪೆಕ್ಟರಮ್ಮನಿಗೆ ಹಿಡಿಸಲಿಲ್ಲ. ಅವನನ್ನು ಆಚೆ ಕಳಿಸಿ, ಮೇಸ್ತ್ರಿಯನ್ನು ಆಫೀಸು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಕರೆಂಟಿಗೆ ಸುಟ್ಟ ತಂತಿ ಒಳಗಿಂದ ಬೇಯುತ್ತೆ. ಇದು ಹೊರಗಷ್ಟೇ ಕಪ್ಪಾಗಿದೆ, ಒಳಗೆ ತಾಮ್ರ ಫಳಫಳ ಅಂತಿದೆ. ಒಲೆಯಲ್ಲಿ ಸುಟ್ಟು ತಂದಿದ್ದೀರಿ. ನಿಜವಾದ ತಂತಿ ಎಲ್ಲಿ?"

ಮೇಸ್ತ್ರಿ ಬುತ್ತಿಚೀಲದ ಅಡಿಯಿಂದ ಇನ್ನೊಂದು ತುಂಡು ತೆಗೆದ. ಇದು ದಪ್ಪ. ಪ್ಲಾಸ್ಟಿಕ್ಕು ಒಳಗಿಂದಲೇ ಕರಗಿ ಜೋತುಬಿದ್ದಿತ್ತು, ತಾಮ್ರದ ತುದಿ ಮಣಿಗಟ್ಟಿತ್ತು.

ಅವಳು ಅಳೆದಳು. ಮತ್ತೊಮ್ಮೆ ಅಳೆದಳು.

"ಅರ್ತಿಂಗ್ ತಂತಿನ ಮೋಟಾರ್ ಎಷ್ಟು ಕರೆಂಟ್ ತಿನ್ನುತ್ತೆ ಅಂತ ನೋಡಿ ಆರಿಸೋದಲ್ಲ, ಬ್ರೇಕರ್ ಎಷ್ಟರದ್ದು ಅಂತ ನೋಡಿ ಆರಿಸೋದು. ನಿಮಗೆ ಗೊತ್ತಿರೋದೇ. ಇಪ್ಪತ್ತು ಆಂಪಿನ ಬ್ರೇಕರಿಗೆ ನಿಮ್ಮ ತಂತಿ ಸರಿಯಾಗೇ ಇದೆ. ಈಗ ಅಲ್ಲಿರೋದು ನಲವತ್ತರದ್ದು. ಪೆಟ್ಟಿಗೆ ತುಂಬ ಹೊಟ್ಟು ಮೆತ್ತಿದೆ, ಬ್ರೇಕರ್ ಒಂದು ಮಾತ್ರ ಹೊಸದು. ಯಾರೋ ದೊಡ್ಡದು ಹಾಕಿದ್ದಾರೆ, ತಂತಿ ಬದಲಾಯಿಸಿಲ್ಲ. ಅದಕ್ಕೇ ಬ್ರೇಕರ್ ಬೀಳೋ ಮೊದಲೇ ತಂತಿ ಸುಟ್ಟಿದೆ."

"ಮೋಟಾರ್ ಶುರುವಾಗೋವಾಗ ಒಂದೇ ಸಲ ಜಾಸ್ತಿ ಎಳೆಯುತ್ತಲ್ಲ ತಾಯಿ, ಇಪ್ಪತ್ತರದ್ದು ತಡೀದೆ ಬಿದ್ದುಬಿಡ್ತಿತ್ತು. ದೊಡ್ಡದು ಹಾಕಿದ್ದು ತಪ್ಪಲ್ಲ. ತಂತಿನೂ ಅದರ ಜೊತೆ ದಪ್ಪ ಆಗಬೇಕು ಅನ್ನೋದು ಮಾತ್ರ... ಅದನ್ನ ನಾನು ಹೇಳಿಕೊಡಬೇಕಿತ್ತು. ಆಗ ನಾನು ಕಾಲು ಮುರಿದು ಮಲಗಿದ್ದೆ."

"ಹಾಕಿದ್ದು ಮಾಲೀಕನ ಕಡೆಯವರಾ? ಬಾಯಿ ಮುಚ್ಚೋಕೆ ನಿಮಗೇನು ಆಸೆ ತೋರಿಸಿದ್ದಾನೆ?"

"ಪಾಪ, ಅವರಿಗೆ ಇದೊಂದೂ ಗೊತ್ತಾಗಲ್ಲ."

"ಮತ್ಯಾರು?"

ಮೇಸ್ತ್ರಿ ಎದ್ದು, ಕುಂಟುತ್ತ ಹೋಗಿ ಕಿಟಕಿಯ ಕದವನ್ನೂ ಹಾಕಿ ಬಂದ. ತಗ್ಗಿದ ದನಿಯಲ್ಲಿ ಹೇಳಿದ. ಅವಳ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು.

"ಇದನ್ನೇ ಬರೀಬೇಕು ನಾನು," ಕೊನೆಗೆ ಅವಳೆಂದಳು.

"ಬರೀರಿ. ಆದ್ರೆ ಇನ್ನೊಂದು ಸಾವಾದರೆ ಅದನ್ನೂ ಬರೆಯೋಕೆ ನೀವೇ ಬರಬೇಕಾಗುತ್ತೆ. ನಾನು ಮಗನ್ನ ಕಳಕೊಂಡೋನು. ಜನ ಉಗಿದರೆ ಒರೆಸಿಕೊಳ್ತೀನಿ."

ಸಂಜೆಯೊಳಗೆ ವರದಿ ಮುಗಿಯಿತು. ತಂತಿ ತೆಳು, ಹೊಣೆ ಮೇಸ್ತ್ರಿಯದು. ನಲವತ್ತು ವರ್ಷ ಜೋಪಾನ ಮಾಡಿದ ಲೈಸೆನ್ಸನ್ನು ಅವನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. ಉಳಿದ ಮೋಟಾರುಗಳನ್ನೆಲ್ಲ ಇಲಾಖೆಯವರೇ ಬಂದು ಪರೀಕ್ಷಿಸುತ್ತಾರೆ, ಅಲ್ಲಿಯವರೆಗೆ ಕಾರ್ಖಾನೆ ಮುಚ್ಚಿರಬೇಕು ಎಂದು ಇನ್ಸ್‌ಪೆಕ್ಟರಮ್ಮ ಆದೇಶ ಬರೆದಳು. ಸಹಿ ಮಾಡುವಾಗ ಅವಳ ಅಕ್ಷರ ಅವಳದ್ದೇ ಅನ್ನಿಸಲಿಲ್ಲ.

ಗೇಟಿನ ಹತ್ತಿರ ಸೊಸೆ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ತವರಿಗೆ ಹೊರಟಿದ್ದಳು.

"ನೀವು ಸತ್ತರೂ ನಾನು ಬರಲ್ಲ" ಎಂದಳು.

"ಹೂಂ ಕಣಮ್ಮ. ಹೊತ್ತೊತ್ತಿಗೆ ಊಟ ಮಾಡು," ಎಂದ ಮೇಸ್ತ್ರಿ.

ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಅವನು ನಿಂತೇ ಇದ್ದ. ಜೀಪಿನಲ್ಲಿ ಕೂತ ಇನ್ಸ್‌ಪೆಕ್ಟರಮ್ಮನ ಕಿವಿಯಲ್ಲಿ, ಕದ ಹಾಕಿದ ಕೋಣೆಯಲ್ಲಿ ಅವನು ಹೇಳಿದ ಮಾತು ಇನ್ನೂ ಹಾಗೇ ಇತ್ತು:

"ಬ್ರೇಕರ್ ಬಿದ್ದಾಗೆಲ್ಲ ಗಂಡ ಪೆಟ್ಟಿಗೆ ತನಕ ಓಡಿ ಸುಸ್ತಾಗ್ತಾನೆ ಅಂತ ಮರುಗಿ ದೊಡ್ಡದು ಹಾಕಿದ್ದು ನನ್ನ ಸೊಸೆನೇ ತಾಯಿ; ಅವನ ಜೀವ ಹೋಗಿದ್ದು ಅದರಿಂದ ಅಂತ ಅವಳಿಗಿನ್ನೂ ಗೊತ್ತಿಲ್ಲ."