ಆಡಿನ ಮರಿ ಕಾಲುವೆ ದಾಟಿತೇ?

ಯಾರಾದರೂ "ಡಿಜಿಟಲ್ ಶಾಲೆ" ಅಂತ ಫೋಟೋ ಹಾಕಿದರೆ ನಾನು ಈಗ ಲೈಕ್ ಒತ್ತುವುದಿಲ್ಲ... ಹೊಟ್ಟೆಕಿಚ್ಚು ಅಂದುಕೊಳ್ಳಿ, ಪರವಾಗಿಲ್ಲ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನನ್ನ ತಂಗಿ ಜಯಶೀಲಾ ಕೊಪ್ಪಳದ ಕಡೆ ಒಂದು ಸಣ್ಣ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಫೋನಿಗೆ ನೆಟ್‌ವರ್ಕ್ ಬೇಕೆಂದರೆ ಊರ ಹೊರಗಿನ ನೀರಿನ ಟ್ಯಾಂಕಿನವರೆಗೂ ನಡೆಯಬೇಕು.

ಅವಳ ಕ್ಲಾಸಿನಲ್ಲಿ ಹುಲಿಗೆಮ್ಮ ಅಂತ ಒಬ್ಬ ಹುಡುಗಿ. ನಾಲ್ಕನೇ ಕ್ಲಾಸಿಗೆ ಬಂದರೂ ಓದಲು ಬರುತ್ತಿರಲಿಲ್ಲ. ಒಂದೊಂದೇ ಅಕ್ಷರ ಗೊತ್ತು... ಕೂಡಿಸಿ ಓದು ಎಂದರೆ ತಲೆ ತಗ್ಗಿಸಿ ನಿಂತುಬಿಡುತ್ತಿದ್ದಳು. ತಂಗಿ ಏನೇನೋ ಮಾಡಿ ಸಾಕಾಗಿ ಹೋಗಿದ್ದಳು.

ಒಂದು ದಿನ ಶಾಲೆಗೆ ಒಂದು ಬಿಳಿ ಗಾಡಿ ಬಂತು...

ಯಾರೋ ದೊಡ್ಡ ಉದ್ಯಮಿ ಹಳ್ಳಿ ಶಾಲೆಗಳಿಗೆ ಟ್ಯಾಬ್ ಕೊಡುತ್ತಾರಂತೆ. ಸಣ್ಣ ಮಕ್ಕಳ ಕಲಿಕೆಗೆ ಬೇಕಾದ ವೆಬ್‌ಸೈಟ್‌ಗಳೆಲ್ಲಾ ಅದರಲ್ಲೇ ಇವೆಯಂತೆ... ಲೆಕ್ಕದ ಆಟ, ನಕ್ಷೆ, ಕಥೆ, ಎಲ್ಲಾ. ಉದ್ಯಮಿ ಬಂದಿರಲಿಲ್ಲ. ಅವರ ಫೋಟೋಗ್ರಾಫರ್ ಬಂದಿದ್ದ.

ಅವನು ಮಕ್ಕಳನ್ನು ಬೇವಿನ ಮರದ ಕೆಳಗೆ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ಟ್ಯಾಬ್ ಇಟ್ಟ. ಸ್ಕ್ರೀನ್ ಬಣ್ಣಬಣ್ಣವಾಗಿ ಕಾಣಲಿ ಅಂತ ಗಾಡಿಯ ಮೇಲೆ ಉದ್ದನೆಯ ಆಂಟೆನಾ ಎತ್ತಿ ನೆಟ್ ಕೊಟ್ಟು, ಕೈಗೆ ಸಿಕ್ಕಿದ್ದನ್ನು ತೆರೆದ. ಹುಲಿಗೆಮ್ಮನ ಟ್ಯಾಬ್‌ನಲ್ಲಿ ತೆರೆದುಕೊಂಡದ್ದು ಒಂದು ಕಥೆ.

ಅದು ಗಟ್ಟಿಯಾಗಿ ಓದಿ ಹೇಳುವ ಕಥೆ... ಯಾವ ಪದ ಕೇಳಿಸುತ್ತದೋ ಆ ಪದ ಹಳದಿಯಾಗುತ್ತಿತ್ತು. ಹಿಂಡು ತಪ್ಪಿದ ಒಂದು ಆಡಿನ ಮರಿ ತಾಯಿಯನ್ನು ಹುಡುಕುತ್ತಾ ಹೊರಟಿತ್ತು.

ಹುಲಿಗೆಮ್ಮ ಹಳದಿ ಪದದ ಮೇಲೆ ಬೆರಳಿಟ್ಟಳು. ದನಿಯ ಹಿಂದೆಯೇ ಮೆಲ್ಲಗೆ ತಾನೂ ಹೇಳಿದಳು... ಒಂದು ಪದ, ಇನ್ನೊಂದು ಪದ. ಆಮೇಲೆ ಒಂದು ಸಾಲನ್ನು ದನಿಗಿಂತ ಮೊದಲೇ ಓದಿಬಿಟ್ಟಳು.

ಹಿಂದೆ ನಿಂತಿದ್ದ ತಂಗಿಗೆ ಕಣ್ಣು ತುಂಬಿ ಬಂತಂತೆ. ಇಷ್ಟು ದಿನ ತನ್ನಿಂದ ಆಗದ್ದನ್ನು ಒಂದು ವೆಬ್‌ಸೈಟ್ ಮಾಡಿತಲ್ಲ ಅಂತ ಬೇಜಾರಾಗಲಿಲ್ಲ, ಸಂತೋಷವೇ ಆಯಿತು ಎಂದಳು.

ಮರಿ ಕಾಲುವೆಯ ದಂಡೆಗೆ ಬಂದಿತ್ತು. ಆಚೆ ದಡದಿಂದ ತಾಯಿಯ ಕೂಗು ಕೇಳಿಸುತ್ತಿತ್ತು...

ಅಷ್ಟರಲ್ಲಿ ಫೋಟೋ ಮುಗಿಯಿತು.

ಟ್ಯಾಬ್‌ಗಳೆಲ್ಲಾ ಡಬ್ಬಿ ಸೇರಿದವು. ಪಕ್ಕದ ಊರಿನ ಫೋಟೋಗೂ ಇವೇ ಬೇಕಿತ್ತು. ತಂಗಿ ಕೇಳಿದ್ದಕ್ಕೆ, ಕೊಪ್ಪಳದ ಫಂಕ್ಷನ್‌ನಲ್ಲಿ ಸಾಹೇಬರೇ ಕೈಯಾರೆ ಕೊಡುತ್ತಾರೆ, ಸ್ವಲ್ಪ ತಡಕೊಳ್ಳಿ ಎಂದು ಫೋಟೋಗ್ರಾಫರ್ ಗಾಡಿ ಹತ್ತಿದ. ಆ ಕಥೆ ಯಾವ ವೆಬ್‌ಸೈಟಿನದು ಎಂದು ಕೇಳಿದರೆ ಅವನಿಗೇ ನೆನಪಿಲ್ಲ.

ಅವತ್ತಿನಿಂದ ಹುಲಿಗೆಮ್ಮನದು ಒಂದೇ ಪ್ರಶ್ನೆ. ಮರಿ ಕಾಲುವೆ ದಾಟಿತಾ?

ತಂಗಿ ಟ್ಯಾಂಕಿನ ಹತ್ತಿರ ನಿಂತು ಫೋನಿನಲ್ಲಿ ಹುಡುಕಿದಳು, ಸಿಗಲಿಲ್ಲ. ಕೊನೆಗೆ ತಾನೇ ಒಂದು ಮುಕ್ತಾಯ ಕಟ್ಟಿ ಹೇಳಿದಳು. ಹುಡುಗಿ ಪೂರ್ತಿ ಕೇಳಿಸಿಕೊಂಡು, ಇದು ನಿಮ್ಮ ಕಥೆ, ಟ್ಯಾಬಿನೊಳಗಿನದನ್ನು ನಾನೇ ಓದಬೇಕು ಎಂದಳಂತೆ.

ನೋಡಿ... ಪುಸ್ತಕ ಕಂಡರೆ ಹೆದರುತ್ತಿದ್ದ ಹುಡುಗಿ "ನಾನೇ ಓದಬೇಕು" ಅನ್ನುತ್ತಿದ್ದಾಳೆ. ಒಬ್ಬ ಟೀಚರ್‌ಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ?

ಫಂಕ್ಷನ್ ದಿನ ತಂಗಿ ಮತ್ತು ಹುಲಿಗೆಮ್ಮನ ಜೊತೆ ನಾನೂ ಹೋಗಿದ್ದೆ. ಹಾರ, ಶಾಲು, ಪೇಟ... ಭಾಷಣದ ಮೇಲೆ ಭಾಷಣ. ಅಷ್ಟು ಶಾಲೆಗಳ ಮಕ್ಕಳಲ್ಲಿ ಮೊದಲು ವೇದಿಕೆಗೆ ಕರೆದದ್ದು ಹುಲಿಗೆಮ್ಮನನ್ನೇ. ಫೋಟೋದಲ್ಲಿ ಅವಳ ಮುಖ ಬಹಳ ಚೆನ್ನಾಗಿ ಬಂದಿತ್ತಂತೆ. ಬಾರದೇ ಏನು... ಉಳಿದವರೆಲ್ಲಾ ಕ್ಯಾಮೆರಾ ನೋಡುತ್ತಿದ್ದರು, ಅವಳೊಬ್ಬಳೇ ಓದುತ್ತಿದ್ದಳು.

ಉದ್ಯಮಿ ಟ್ಯಾಬ್ ಕೊಟ್ಟರು. ಹುಡುಗಿ ಕ್ಯಾಮೆರಾ ಕಡೆ ತಿರುಗಲೇ ಇಲ್ಲ. ಸ್ಕ್ರೀನ್ ಉಜ್ಜಿದಳು, ಬಟನ್ ಒತ್ತಿದಳು... ಅದರಲ್ಲಿ ಚಾರ್ಜೇ ಇರಲಿಲ್ಲ. ತಲೆ ಎತ್ತಿ ಅವರನ್ನೇ ಕೇಳಿದಳು. ಮೈಕ್ ಹತ್ತಿರವಿತ್ತು, ಇಡೀ ಹಾಲ್‌ಗೆ ಕೇಳಿಸಿತು.

"ಸರ್, ಆ ಆಡಿನ ಮರಿಗೆ ಅದರವ್ವ ಸಿಕ್ತೇನ್ರಿ?"

"ಯಾವ ಮರಿ, ಪುಟ್ಟಾ?" ಎಂದರು ಅವರು ನಗುತ್ತಾ. ಹಾಲ್ ಪೂರ್ತಿ ನಕ್ಕಿತು.

ನಿರೂಪಕಿ ಅವಳ ಕೈಗೊಂದು ಚೀಟಿ ಕೊಟ್ಟು, ಸಾಹೇಬರಿಗೆ ಧನ್ಯವಾದ ಓದು ಎಂದಳು. ಉದ್ದುದ್ದ ಪದಗಳು, ಎಲ್ಲಾ ಒತ್ತಕ್ಷರ. ಹುಲಿಗೆಮ್ಮ ಚೀಟಿ ಹಿಡಿದು ನಿಂತೇ ಇದ್ದಳು. ಕಣ್ಣಿಂದ ನೀರು ಇಳಿಯತೊಡಗಿತು.

ನಿರೂಪಕಿ ಮೈಕ್ ತೆಗೆದುಕೊಂಡಳು. "ನೋಡಿ, ಖುಷಿಗೆ ಮಗುವಿಗೆ ಮಾತೇ ಹೊರಡ್ತಿಲ್ಲ. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ."

ತಟ್ಟಿದರು... ಎದ್ದು ನಿಂತು ತಟ್ಟಿದರು. ಉದ್ಯಮಿ ಕೂಡ ಕರ್ಚೀಫ್ ತೆಗೆದು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲಾ ಉರಿದುಹೋಯಿತು.

ವೇದಿಕೆ ಇಳಿಯುವಾಗ ಒಬ್ಬ ಬಂದು, ನಿಮ್ಮದು ಆಮೇಲೆ ಶಾಲೆಗೇ ಬರುತ್ತದೆ ಎಂದು ಅವಳ ಕೈಯಿಂದ ಟ್ಯಾಬ್ ಇಸಿದುಕೊಂಡು ಮುಂದಿನ ಮಗುವಿಗೆ ಕೊಡಲು ಒಯ್ದ. ಇವತ್ತಿನವರೆಗೂ ಬಂದಿಲ್ಲ. ಬಂದದ್ದು ಮರುದಿನದ ಪೇಪರಿನಲ್ಲಿ ಅವಳು ಅಳುತ್ತಿರುವ ಫೋಟೋ. ಕೆಳಗೆ "ವಿದ್ಯಾರ್ಥಿನಿಯ ಆನಂದಬಾಷ್ಪ" ಅಂತ ಹಾಕಿದ್ದರು.

ಅವತ್ತು ಫಂಕ್ಷನ್ ಮುಗಿಸಿ ಬಸ್ಸಿನಲ್ಲಿ ವಾಪಸ್ ಹೊರಟೆವು. ಊರು ಹತ್ತಿರ ಬಂದಾಗ ಹುಡುಗಿ ತಂಗಿಯ ಸೆರಗು ಎಳೆದು ಮೆಲ್ಲಗೆ ಕೇಳಿದಳು...

"ಟೀಚರ್ರೀ, ಕಥಿ ಅವರ ಟ್ಯಾಬಿನ್ಯಾಗ ಐತಿ... ಆದ್ರೂ ಅವರಿಗೆ ಗೊತ್ತಿಲ್ಲ. ಪಾಪ, ಅವರಿಗೂ ಓದಾಕ ಬರಂಗಿಲ್ಲೇನ್ರಿ?"

ತಂಗಿ ಮುಖ ಆಚೆ ತಿರುಗಿಸಿಕೊಂಡಳು. ನಾನು ಅತ್ತುಬಿಟ್ಟೆ.

ಫೋಟೋ ಮುಗಿದ ಮೇಲೂ ಮಗುವಿನ ಕೈಯಲ್ಲೇ ಉಳಿದರೆ ಮಾತ್ರ ಅದು ಕೊಡುಗೆ... ಇಲ್ಲದಿದ್ದರೆ ಅದು ಮಗುವಿನಿಂದ ಕಿತ್ತುಕೊಂಡದ್ದು.

ನೀವು ಒಂದು ಮಗುವಿನ ಪಕ್ಕ ಕೂತು, ಒಂದು ಕಥೆಯನ್ನು ಕೊನೆಯವರೆಗೂ ಓದಿಸಿದ್ದು ಯಾವಾಗ?